ದೀಪ ಹೇಳುವುದು ನಿಜವೇ? – ಮಾರ್ಪಡಿಸಿದ ಬೈಕುಗಳ ಎಚ್ಚರಿಕೆ ದೀಪಗಳ ಒಂದು ವಿಮರ್ಶೆ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸರ್ವೋದಯ ವೃತ್ತದಿಂದ ಕುಸುಗಲ್ ರಸ್ತೆಯ ಕಡೆಗೆ ಸಂಜೆ ಹೊತ್ತು ಸ್ವಲ್ಪ ದೂರ ನಡೆದರೆ, ಮಾರ್ಪಡಿಸಿದ ಮೋಟಾರ್ ಸೈಕಲ್ಲುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಹಳೆಯ ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100 ಬೈಕುಗಳಿಗೆ ಹೊಸ ಹ್ಯಾಂಡಲ್, ಹೊಸ ಟ್ಯಾಂಕು, ಹೊಸ ಬಣ್ಣ. ಮೂಲ ಮೀಟರನ್ನು ತೆಗೆದು ಅಲ್ಯೂಮಿನಿಯಮ್ ಫಲಕವೊಂದನ್ನು ಕೂರಿಸಿ, ಅದರಲ್ಲಿ ಸಾಲಾಗಿ ಸಣ್ಣ ಎಲ್‌ಇಡಿ ದೀಪಗಳನ್ನು ಜೋಡಿಸಿರುವುದೂ ಉಂಟು. ಫಲಕ ನೋಡಲು ಚೆನ್ನಾಗಿರುತ್ತದೆ. ರಂಧ್ರಗಳು ಅಳತೆಗೆ ಸರಿಯಾಗಿರುತ್ತವೆ, ಪಾಲಿಶ್ ಹೊಳೆಯುತ್ತದೆ. ಈ ಕೈಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಎಚ್ಚರಿಕೆ ದೀಪವು ಅಲಂಕಾರದ ವಸ್ತುವಲ್ಲ. ಅದು ಸವಾರನಿಗೆ ಒಂದು ವಾಕ್ಯವನ್ನು ಹೇಳುತ್ತದೆ: ‘ಗೇರು ನ್ಯೂಟ್ರಲ್‌ನಲ್ಲಿದೆ’, ‘ಆಯಿಲ್ ಒತ್ತಡ ಇಲ್ಲ’, ‘ಎಡ ಇಂಡಿಕೇಟರ್ ಮಿನುಗುತ್ತಿದೆ’. ವಾಕ್ಯವೆಂದ ಮೇಲೆ ಅದು ನಿಜವಾಗಿರಬಹುದು, ಸುಳ್ಳೂ ಆಗಿರಬಹುದು. ಆದ್ದರಿಂದ ಫಲಕವನ್ನು ವಿಮರ್ಶಿಸುವಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ದೀಪ ಹೇಳುವುದು ನಿಜವೇ? ತಂತಿಯೊಂದು ತುಂಡಾದಾಗ ಅಥವಾ ಉಜ್ಜಿ ಬೆತ್ತಲಾದಾಗ ದೀಪ ಯಾವ ಕಡೆಗೆ ತಪ್ಪುತ್ತದೆ – ಸುರಕ್ಷಿತ ಕಡೆಗೋ, ಅಪಾಯದ ಕಡೆಗೋ? ‘ಲೈಟ್ ಹತ್ತತೈತಲ್ರೀ ಸರ, ಮತ್ತೇನ ಬೇಕ್ರಿ?’ ಎಂಬುದು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ. ದೀಪ ಹತ್ತುವುದಷ್ಟೇ ಏಕೆ ಸಾಲದು ಎಂಬುದೇ ಈ ಲೇಖನದ ವಿಷಯ.

ಹಳೆಯ ಫಲಕಗಳು ಹೇಳುತ್ತಿದ್ದುದು

ಕರ್ನಾಟಕಕ್ಕೂ ಮೋಟಾರ್ ಸೈಕಲ್ಲಿಗೂ ಹಳೆಯ ನಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿತು. ಮೊದಲ ಜಾವಾ ಬೈಕುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಇಂದಿನ 12 ವೋಲ್ಟ್ ದೀಪವನ್ನು ಅದಕ್ಕೆ ನೇರವಾಗಿ ಸಿಕ್ಕಿಸಿದರೆ ಅದು ಮಂಕಾಗಿ ಉರಿಯುತ್ತದೆ. ಹಗಲಿನಲ್ಲಿ ಕಾಣುವುದೇ ಇಲ್ಲ.

ಹಳೆಯ ಬುಲೆಟ್ಟಿನ ಹೆಡ್‌ಲೈಟ್ ಮೇಲ್ಭಾಗದಲ್ಲಿ ಸ್ಪೀಡೋಮೀಟರಿನ ಪಕ್ಕದಲ್ಲಿ ಒಂದು ಆಮ್ಮೀಟರ್ ಇರುತ್ತಿತ್ತು. ಮುಳ್ಳು ಒಂದು ಕಡೆ ವಾಲಿದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ, ಇನ್ನೊಂದು ಕಡೆ ವಾಲಿದರೆ ಖಾಲಿಯಾಗುತ್ತಿದೆ ಎಂದರ್ಥ. ಎಷ್ಟು ಎಂಬುದನ್ನೂ ಮುಳ್ಳು ತೋರಿಸುತ್ತಿತ್ತು. ದೀಪ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳಬಲ್ಲದು. ಮಾರ್ಪಡಿಸುವವರು ಆಮ್ಮೀಟರನ್ನು ‘ಹಳೆಯ ಕಾಲದ್ದು’ ಎಂದು ಕಿತ್ತು ಕೆಂಪು ಎಲ್‌ಇಡಿಯೊಂದನ್ನು ಹಾಕಿದಾಗ, ಪರಿಮಾಣವನ್ನು ತಿಳಿಸುವ ಸಾಧನದ ಬದಲು ಗುಣವನ್ನಷ್ಟೇ ತಿಳಿಸುವ ಸಾಧನ ಬರುತ್ತದೆ. ಇದು ತಪ್ಪೆಂದಲ್ಲ, ಆದರೆ ಏನನ್ನು ಕಳೆದುಕೊಂಡೆವು ಎಂಬುದು ಗೊತ್ತಿರಬೇಕು.

ಸ್ವಿಚ್ಚು ಎಲ್ಲಿದೆ?

ಶಾಲಾ ಪಠ್ಯದ ಚಿತ್ರದಲ್ಲಿ ವಿದ್ಯುತ್ಕೋಶದ ಧನ ತುದಿಯಿಂದ ತಂತಿ ಹೊರಟು ಸ್ವಿಚ್ಚಿಗೆ, ಅಲ್ಲಿಂದ ಬಲ್ಬಿಗೆ, ಬಲ್ಬಿನಿಂದ ಋಣ ತುದಿಗೆ ಮರಳುತ್ತದೆ. ಬೈಕಿನ ನ್ಯೂಟ್ರಲ್ ದೀಪದಲ್ಲಿ ಈ ಕ್ರಮ ತಿರುಗುಮುರುಗು. ಇಗ್ನಿಷನ್ ಕೀಲಿಯಿಂದ ಬರುವ ಧನ ತಂತಿ ಮೊದಲು ದೀಪಕ್ಕೆ ಹೋಗುತ್ತದೆ. ದೀಪದ ಇನ್ನೊಂದು ತುದಿಯಿಂದ ಒಂದೇ ತಂತಿ ಗೇರ್‌ಬಾಕ್ಸಿನಲ್ಲಿರುವ ಸ್ವಿಚ್ಚಿಗೆ ಇಳಿಯುತ್ತದೆ. ಗೇರು ನ್ಯೂಟ್ರಲ್‌ಗೆ ಬಂದಾಗ ಆ ಸ್ವಿಚ್ಚು ತಂತಿಯನ್ನು ಎಂಜಿನ್ನಿನ ಲೋಹಕ್ಕೆ, ಅಂದರೆ ‘ಬಾಡಿ ಅರ್ತ್’ಗೆ ಮುಟ್ಟಿಸುತ್ತದೆ. ಮಂಡಲ ಪೂರ್ಣಗೊಂಡು ದೀಪ ಬೆಳಗುತ್ತದೆ. ಹೀಗೆ ಮಾಡುವುದರಿಂದ ಸ್ವಿಚ್ಚಿಗೆ ಒಂದೇ ತಂತಿ ಸಾಕಾಗುತ್ತದೆ. ಚೌಕಟ್ಟೇ ಎರಡನೆಯ ತಂತಿ.

ಈಗ ಎರಡನೆಯ ಪ್ರಶ್ನೆಯನ್ನು ಕೇಳೋಣ. ಈ ತಂತಿ ತುಂಡಾದರೆ ನ್ಯೂಟ್ರಲ್‌ನಲ್ಲಿದ್ದಾಗಲೂ ದೀಪ ಉರಿಯುವುದಿಲ್ಲ. ಸವಾರನಿಗೆ ಕಿರಿಕಿರಿಯಾಗುತ್ತದೆ, ಅಪಾಯವಿಲ್ಲ. ಆದರೆ ತಂತಿಯ ಹೊದಿಕೆ ಉಜ್ಜಿಹೋಗಿ ತಾಮ್ರವು ಚೌಕಟ್ಟಿಗೆ ತಗುಲಿದರೆ, ಗೇರಿನಲ್ಲಿದ್ದಾಗಲೂ ಹಸಿರು ದೀಪ ಉರಿಯುತ್ತದೆ. ಅದನ್ನು ನಂಬಿ ಸವಾರ ಕ್ಲಚ್ ಬಿಟ್ಟರೆ ಬೈಕು ಮುಂದಕ್ಕೆ ಹಾರುತ್ತದೆ. ಸಿಗ್ನಲ್ ಬಳಿ ಮುಂದೆ ಒಬ್ಬರು ರಸ್ತೆ ದಾಟುತ್ತಿದ್ದರೆ ಪರಿಣಾಮವನ್ನು ಊಹಿಸಿಕೊಳ್ಳಿ. ಹಾಗಾಗಿ ಈ ಒಂದು ತಂತಿ ಯಾವ ದಾರಿಯಲ್ಲಿ ಹೋಗುತ್ತದೆ, ಹ್ಯಾಂಡಲ್ ತಿರುಗುವ ಕಡೆ ಎಲ್ಲಿಯಾದರೂ ಉಜ್ಜುತ್ತದೆಯೇ ಎಂಬುದು ಫಲಕದ ಹೊಳಪಿಗಿಂತ ಮುಖ್ಯ.

ಸೆಲ್ಫ್ ಸ್ಟಾರ್ಟ್ ಇರುವ ಹಲವು ಬೈಕುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೇರು ನ್ಯೂಟ್ರಲ್‌ನಲ್ಲಿದ್ದರೆ ಅಥವಾ ಕ್ಲಚ್ ಹಿಡಿದಿದ್ದರೆ ಮಾತ್ರ ಸ್ಟಾರ್ಟರ್ ರಿಲೇಗೆ ಅರ್ತ್ ಸಿಗುತ್ತದೆ. ಈ ಎರಡು ದಾರಿಗಳ ನಡುವೆ ಒಂದು ಡಯೋಡ್ ಇರುತ್ತದೆ. ಕ್ಲಚ್ ಸ್ವಿಚ್ಚಿನ ದಾರಿಯಲ್ಲಿ ನ್ಯೂಟ್ರಲ್ ದೀಪದ ಪ್ರವಾಹ ಹರಿಯದಂತೆ ಅದು ತಡೆಯುತ್ತದೆ. ಹಳೆಯ ವೈರಿಂಗ್ ಕಿತ್ತು ಹೊಸದು ಹಾಕುವಾಗ ‘ಇದೇನೋ ಸಣ್ಣ ಕಪ್ಪು ತುಂಡು’ ಎಂದು ಡಯೋಡನ್ನು ಬಿಟ್ಟು ತಂತಿಗಳನ್ನು ಹೆಣೆದರೆ, ಕ್ಲಚ್ ಹಿಡಿದಾಗಲೆಲ್ಲ ನ್ಯೂಟ್ರಲ್ ದೀಪ ಬೆಳಗುತ್ತದೆ. ಬೈಕು ಮೂರನೆಯ ಗೇರಿನಲ್ಲಿದ್ದರೂ ಅಷ್ಟೇ.

ಆಯಿಲ್ ಒತ್ತಡದ ದೀಪ ಇರುವ ಬೈಕುಗಳಲ್ಲಿ ತರ್ಕ ಬೇರೆ. ಎಂಜಿನ್ ನಿಂತಿರುವಾಗ ಒತ್ತಡದ ಸ್ವಿಚ್ಚು ಮುಚ್ಚಿರುತ್ತದೆ, ಕೀಲಿ ತಿರುಗಿಸಿದರೆ ಕೆಂಪು ದೀಪ ಉರಿಯುತ್ತದೆ. ಎಂಜಿನ್ ಚಾಲೂ ಆಗಿ ಒತ್ತಡ ಏರಿದಾಗ ಸ್ವಿಚ್ಚು ತೆರೆದು ದೀಪ ಆರುತ್ತದೆ. ಇಲ್ಲಿ ತಂತಿ ತುಂಡಾದರೆ ದೀಪ ಮೌನವಾಗುತ್ತದೆ, ಅಪಾಯದ ಕಡೆಗೆ ತಪ್ಪುತ್ತದೆ. ಆದರೆ ಈ ದೋಷಕ್ಕೆ ವಿನ್ಯಾಸದಲ್ಲಿಯೇ ಪರಿಹಾರವಿದೆ: ಪ್ರತಿ ಸಲ ಕೀಲಿ ತಿರುಗಿಸಿದಾಗ ದೀಪ ಒಮ್ಮೆ ಉರಿಯಲೇಬೇಕು. ಉರಿಯದಿದ್ದರೆ ದೀಪವೋ ತಂತಿಯೋ ಕೆಟ್ಟಿದೆ ಎಂದು ಹೊರಡುವ ಮೊದಲೇ ತಿಳಿಯುತ್ತದೆ. ಕೀಲಿ ತಿರುಗಿಸಿದೊಡನೆ ಕೆಂಪು ದೀಪ ಕಾಣುವುದು ಚೆನ್ನಾಗಿಲ್ಲವೆಂದು ಅದನ್ನು ಬೇರೆ ಸ್ವಿಚ್ಚಿನ ಮೂಲಕ ಜೋಡಿಸುವವರು ಈ ಪರೀಕ್ಷೆಯನ್ನೇ ಅಳಿಸಿಹಾಕುತ್ತಾರೆ.

ಹುಬ್ಬಳ್ಳಿಯವರಿಗೆ ಈ ತತ್ತ್ವವನ್ನು ವಿವರಿಸಲು ದೂರ ಹೋಗಬೇಕಿಲ್ಲ. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಸ್ಥಾನ ಇಲ್ಲಿಯೇ ಇದೆ. ರೈಲು ಹಳಿಯ ‘ಟ್ರ್ಯಾಕ್ ಸರ್ಕಿಟ್’ಗೆ ಅಮೆರಿಕದ ವಿಲಿಯಮ್ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ. ಅದರಲ್ಲಿ ಹಳಿ ಖಾಲಿ ಇರುವಾಗ ಎರಡು ಹಳಿಗಳ ಮೂಲಕ ಪ್ರವಾಹ ಹರಿದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರೈಲು ಬಂದಾಗ ಅದರ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಕೂಡಿಸಿಬಿಡುತ್ತವೆ. ಆಗ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ ತಂತಿ ತುಂಡಾದರೂ ಹಳಿ ಮುರಿದು ಸಂಪರ್ಕ ತಪ್ಪಿದರೂ ಫಲ ಒಂದೇ – ಕೆಂಪು. ಕೆಟ್ಟರೆ ಸುರಕ್ಷಿತ ಕಡೆಗೇ ಕೆಡಬೇಕು. ಬೈಕಿನ ಫಲಕವನ್ನು ಅಳೆಯಲು ಇದಕ್ಕಿಂತ ಉತ್ತಮ ಅಳತೆಗೋಲು ಇಲ್ಲ.

ನಾಲ್ಕೂ ಇಂಡಿಕೇಟರ್ ಮಿನುಗುವುದೇಕೆ?

ಮಾರ್ಪಡಿಸಿದ ಬೈಕುಗಳಲ್ಲಿ ಬಹು ಸಾಮಾನ್ಯವಾದ ದೋಷವಿದು: ಎಡಕ್ಕೆ ಸ್ವಿಚ್ ಹಾಕಿದರೆ ಬಲದವೂ ಮಿನುಗುತ್ತವೆ. ಹಿಂದೆ ಬರುವ ಲಾರಿ ಚಾಲಕನಿಗೆ ಬೈಕು ಎತ್ತ ತಿರುಗುತ್ತದೆಂದು ಗೊತ್ತಾಗುವುದಿಲ್ಲ. ಇದರ ಕಾರಣ ಓಮ್‌ನ ನಿಯಮದ ಒಂದು ಸೊಗಸಾದ ಪಾಠ.

ಹಳೆಯ ಹಲವು ಬೈಕುಗಳ ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಪೈಲಟ್ ದೀಪ. ಅದರ ಒಂದು ತುದಿ ಎಡ ಇಂಡಿಕೇಟರಿನ ತಂತಿಗೆ, ಇನ್ನೊಂದು ತುದಿ ಬಲ ಇಂಡಿಕೇಟರಿನ ತಂತಿಗೆ. ಅರ್ತ್ ತಂತಿಯೇ ಇಲ್ಲ! ಹಾಗಾದರೆ ಅದು ಉರಿಯುವುದು ಹೇಗೆ? ಎಡಕ್ಕೆ ಸ್ವಿಚ್ ಹಾಕಿದಾಗ ಎಡ ತಂತಿಯಲ್ಲಿ 12 ವೋಲ್ಟ್ ಬರುತ್ತದೆ. ಪೈಲಟ್ ದೀಪದ ಮೂಲಕ ಹರಿದ ಪ್ರವಾಹ, ಆರಿರುವ ಬಲದ ಎರಡು ಬಲ್ಬುಗಳ ತಂತುಗಳ ಮೂಲಕ ಅರ್ತ್ ಸೇರುತ್ತದೆ.

ಲೆಕ್ಕ ಹಾಕಿ ನೋಡಿ. ಪೈಲಟ್ ದೀಪ 2 ವ್ಯಾಟ್ ಎಂದುಕೊಂಡರೆ ಉರಿಯುವಾಗ ಅದರ ರೋಧ 144 ÷ 2 = 72 ಓಮ್. ಇಂಡಿಕೇಟರ್ ಬಲ್ಬು 10 ವ್ಯಾಟಿನದು. ಉರಿಯುವಾಗ ಅದರ ರೋಧ 14.4 ಓಮ್. ಟಂಗ್‌ಸ್ಟನ್ ತಂತು ತಣ್ಣಗಿರುವಾಗ ರೋಧ ಇದರ ಸುಮಾರು ಹತ್ತನೆಯ ಒಂದು ಭಾಗ, ಅಂದರೆ 1.4 ಓಮ್. ಸಮಾಂತರ ಜೋಡಣೆಯಲ್ಲಿರುವ ಎರಡು ಬಲ್ಬುಗಳಿಗೆ 0.7 ಓಮ್. ಆದ್ದರಿಂದ 12 ವೋಲ್ಟಿನಲ್ಲಿ ಸುಮಾರು 11.9 ವೋಲ್ಟ್ ಪೈಲಟ್ ದೀಪದ ಪಾಲಿಗೆ, ಉಳಿದ 0.1 ವೋಲ್ಟ್ ಬಲದ ಬಲ್ಬುಗಳ ಪಾಲಿಗೆ. ಪ್ರತಿ ಬಲ್ಬಿನಲ್ಲಿ ಹರಿಯುವುದು 0.08 ಆಂಪೇರ್, ಅದು ಉರಿಯಲು ಬೇಕಾದ್ದು 0.83 ಆಂಪೇರ್. ಪೈಲಟ್ ಬೆಳಗುತ್ತದೆ, ಬಲದ ಬಲ್ಬುಗಳು ಕತ್ತಲೆಯಲ್ಲಿಯೇ ಇರುತ್ತವೆ. ಒಂದು ತಂತಿ, ಒಂದು ಬಲ್ಬು ಉಳಿಸಿದ ಜಾಣ ಏರ್ಪಾಡು!

ಈಗ ನಾಲ್ಕೂ ಬಲ್ಬುಗಳನ್ನು ತೆಗೆದು 1 ವ್ಯಾಟಿನ ಎಲ್‌ಇಡಿ ಇಂಡಿಕೇಟರುಗಳನ್ನು ಹಾಕಿ. ಬಲದ ಜೋಡಿಗೆ ಪೂರ್ತಿ ಬೆಳಗಲು ಬೇಕಾದ್ದು ಸುಮಾರು 0.17 ಆಂಪೇರ್ ಮಾತ್ರ. ತಣ್ಣಗಿನ ಪೈಲಟ್ ಬಲ್ಬು ಇಷ್ಟನ್ನು ಸರಾಗವಾಗಿ ಬಿಟ್ಟುಕೊಡುತ್ತದೆ. ಆಗ ಬಲದ ಎಲ್‌ಇಡಿಗಳು ಮಿನುಗುತ್ತವೆ. ಪೈಲಟ್ ದೀಪ ಮಂಕಾಗುತ್ತದೆ ಅಥವಾ ಆರಿಯೇ ಇರುತ್ತದೆ. ಪೈಲಟ್ ಜಾಗದಲ್ಲಿ ಎಲ್‌ಇಡಿ ಹಾಕಿದರೆ ಇನ್ನೊಂದು ವಿಚಿತ್ರ: ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಪ್ರವಾಹ ಬಿಡುವುದರಿಂದ ಒಂದು ಬದಿಗೆ ಮಾತ್ರ ಸ್ಪಂದಿಸುತ್ತದೆ.

ಪರಿಹಾರಕ್ಕೆ ಬೇಕಾದ್ದು ಕೆಲವೇ ರೂಪಾಯಿಯ ಎರಡು ಡಯೋಡುಗಳು. 1ಎನ್4007 ಆದರೆ ಸಾಕು. ಎಡ ತಂತಿಯಿಂದ ಒಂದು, ಬಲ ತಂತಿಯಿಂದ ಒಂದು. ಎರಡರ ಋಣ ತುದಿಗಳನ್ನು, ಅಂದರೆ ಬೆಳ್ಳಿ ಪಟ್ಟಿ ಇರುವ ತುದಿಗಳನ್ನು ಕೂಡಿಸಿ ಪೈಲಟ್ ದೀಪಕ್ಕೆ, ಅಲ್ಲಿಂದ ಅರ್ತ್‌ಗೆ. ಡಯೋಡಿನಲ್ಲಿ ಸುಮಾರು 0.7 ವೋಲ್ಟ್ ಇಳಿಯುತ್ತದೆ, ಅಷ್ಟೆ. ಫಲಕದಲ್ಲಿ ಜಾಗವಿದ್ದರೆ ಎಡಕ್ಕೊಂದು ಬಲಕ್ಕೊಂದು ಬೇರೆ ದೀಪ ಹಾಕುವುದು ಇನ್ನೂ ಒಳ್ಳೆಯದು.

ಫ್ಲ್ಯಾಶರಿನ ಕಥೆಯನ್ನೂ ಇಲ್ಲಿಯೇ ಮುಗಿಸೋಣ. ಹಳೆಯ ಉಷ್ಣ ಫ್ಲ್ಯಾಶರಿನ ವೇಗ ಅದರಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿದೆ. ಎರಡು 10 ವ್ಯಾಟ್ ಬಲ್ಬುಗಳಿಗೆ 1.67 ಆಂಪೇರ್, ಒಂದು ಬಲ್ಬು ಹೋದರೆ ಪ್ರವಾಹ ಅರ್ಧವಾಗಿ ಮಿನುಗುವ ಲಯ ಬದಲಾಗುತ್ತದೆ. ಆ ಬದಲಾವಣೆಯೇ ‘ಬಲ್ಬು ಹೋಗಿದೆ’ ಎಂಬ ಎಚ್ಚರಿಕೆ. ಎಲ್‌ಇಡಿಗೆ ಇಂಥ ಫ್ಲ್ಯಾಶರ್ ಹೊಂದುವುದಿಲ್ಲವೆಂದು ಹಲವರು ಲೋಡ್ ರೋಧಕ ಜೋಡಿಸುತ್ತಾರೆ. ಎಲ್‌ಇಡಿ ಉಳಿಸಿದ ಶಕ್ತಿಯನ್ನೆಲ್ಲ ಶಾಖವಾಗಿ ಚೆಲ್ಲುವ ಉಪಾಯವಿದು. ಎಲ್‌ಇಡಿ ಕೆಟ್ಟರೂ ರೋಧಕದಲ್ಲಿ ಪ್ರವಾಹ ಹರಿಯುವುದರಿಂದ ಲಯ ಬದಲಾಗುವುದಿಲ್ಲ. ಇಲೆಕ್ಟ್ರಾನಿಕ್ ಫ್ಲ್ಯಾಶರ್ ಶಾಖದ ದೃಷ್ಟಿಯಿಂದ ಮೇಲು. ಅಂತರರಾಷ್ಟ್ರೀಯ ನಿಯಮದಂತೆ ನಿಮಿಷಕ್ಕೆ 60ರಿಂದ 120 ಸಲ ಮಿನುಗುವಂತೆ ಅದು ನೋಡಿಕೊಳ್ಳುತ್ತದೆ. ಆದರೆ ಲಯ ಪ್ರವಾಹವನ್ನು ಅವಲಂಬಿಸದಿದ್ದರೆ ಕೆಟ್ಟ ದೀಪದ ಸುದ್ದಿಯನ್ನು ಅದೂ ಹೇಳದು. ಹೊರಡುವ ಮೊದಲು ಒಮ್ಮೆ ಬೈಕಿನ ಸುತ್ತ ಬಂದು ನೋಡುವುದೊಂದೇ ಉಳಿದ ದಾರಿ.

ಪೆಟ್ರೋಲ್ ದೀಪದ ಗುಟ್ಟು

ಎಲ್ಲ ಬಲ್ಬುಗಳನ್ನೂ ಎಲ್‌ಇಡಿಗೆ ಬದಲಿಸುವ ಉತ್ಸಾಹಕ್ಕೆ ಇನ್ನೊಂದು ಎಚ್ಚರಿಕೆ ಇದೆ. ಕೆಲವು ಬೈಕುಗಳಲ್ಲಿ ಪೆಟ್ರೋಲ್ ಕಡಿಮೆಯಾದದ್ದನ್ನು ತಿಳಿಸುವ ಸಂವೇದಕ ಒಂದು ಥರ್ಮಿಸ್ಟರ್. ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ. ಪೆಟ್ರೋಲಿನಲ್ಲಿ ಮುಳುಗಿರುವಾಗ ಅದು ತಣ್ಣಗಿರುತ್ತದೆ, ರೋಧ ಹೆಚ್ಚು, ದೀಪ ಉರಿಯದು. ಪೆಟ್ರೋಲ್ ಕೆಳಗಿಳಿದು ಅದು ಹೊರಗೆ ಬಂದಾಗ ತನ್ನಲ್ಲಿ ಹರಿಯುವ ಪ್ರವಾಹದಿಂದಲೇ ಬಿಸಿಯಾಗಿ, ರೋಧ ಇಳಿದು, ದೀಪ ಬೆಳಗುತ್ತದೆ. ಅಂದರೆ ಬಲ್ಬಿನ ಪ್ರವಾಹವೂ ಸಂವೇದಕದ ಕೆಲಸದ ಒಂದು ಭಾಗ. 3 ವ್ಯಾಟಿನ ಬಲ್ಬು ಕಾಲು ಆಂಪೇರ್ ಬಿಡುತ್ತದೆ. ಅದರ ಬದಲು 10 ಮಿಲಿ ಆಂಪೇರಿನ ಎಲ್‌ಇಡಿ ಹಾಕಿದರೆ ಥರ್ಮಿಸ್ಟರ್ ಸಾಕಷ್ಟು ಬಿಸಿಯಾಗುವುದೇ ಇಲ್ಲ. ಟ್ಯಾಂಕು ಬರಿದಾದರೂ ದೀಪ ಸರಿಯಾಗಿ ಹತ್ತುವುದಿಲ್ಲ. ಇಂಥ ಕಡೆ ಮೂಲ ಬಲ್ಬನ್ನೇ ಉಳಿಸಿಕೊಳ್ಳುವುದು ಲೇಸು.

ಬಣ್ಣ, ಬೆಳಕು, ಕಣ್ಣು

ಫಲಕದ ಬಣ್ಣಗಳಿಗೆ ಒಂದು ವ್ಯಾಕರಣವಿದೆ. ಕೆಂಪು ಎಂದರೆ ನಿಲ್ಲಿಸು. ಹಳದಿ ಎಂದರೆ ಗಮನಿಸು. ಹಸಿರು ಎಂದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ನೀಲಿ ಎಂದರೆ ಹೆಡ್‌ಲೈಟ್ ಹೈ ಬೀಮ್‌ನಲ್ಲಿದೆ. ಅಂದಕ್ಕಾಗಿ ಐದೂ ದೀಪಗಳನ್ನು ನೀಲಿಯಾಗಿಸಿದ ಫಲಕ ಅಕ್ಷರಗಳೆಲ್ಲ ಒಂದೇ ಆಕಾರದ ಪುಸ್ತಕದಂತೆ. ಬೇರೊಬ್ಬರು ಆ ಬೈಕನ್ನು ಓಡಿಸಿದರೆ ಏನನ್ನೂ ಓದಲಾರರು. ಹಳೆಯ ಹಸಿರು ಮುಚ್ಚಳದ ಕೆಳಗೆ ಕೆಂಪು ಎಲ್‌ಇಡಿ ಹಾಕಿದರೆ ಹೊರಗೆ ಬೆಳಕು ಬರುವುದೇ ಕಷ್ಟ: ಎಲ್‌ಇಡಿ ಬಹುತೇಕ ಒಂದೇ ಬಣ್ಣವನ್ನು ಸೂಸುತ್ತದೆ, ಮುಚ್ಚಳ ಆ ಬಣ್ಣವನ್ನು ಹೀರಿಬಿಡುತ್ತದೆ.

ನೀಲಿ ದೀಪದ ಪ್ರಖರತೆ ಪ್ರತ್ಯೇಕ ವಿಚಾರ. ಪ್ರಖರ ನೀಲಿ ಎಲ್‌ಇಡಿ 1990ರ ದಶಕದ ಸಾಧನೆ. ಅದಕ್ಕಾಗಿ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಕತ್ತಲೆಯಲ್ಲಿ ನೋಡಲು ನೆರವಾಗುವ ಅಕ್ಷಿಪಟಲದ ದಂಡಕೋಶಗಳು ಸುಮಾರು 500 ನ್ಯಾನೋಮೀಟರ್ ಅಲೆಯುದ್ದಕ್ಕೆ ಅತಿ ಸೂಕ್ಷ್ಮ. ನೀಲಿ ಎಲ್‌ಇಡಿಯ 470 ನ್ಯಾನೋಮೀಟರ್ ಅದಕ್ಕೆ ಹತ್ತಿರ. ಹೈ ಬೀಮ್ ಬಳಸುವುದು ದಾರಿದೀಪವಿಲ್ಲದ ಹೊಲಗಳ ನಡುವಿನ ರಸ್ತೆಯಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡಿರಬೇಕಾದ ಆ ಹೊತ್ತಿನಲ್ಲೇ ಮೂಗಿನ ಕೆಳಗೆ ನೀಲಿ ದೀಪ ಕುಕ್ಕಿದರೆ ರಸ್ತೆಯ ಅಂಚಿನಲ್ಲಿರುವ ಎತ್ತಿನ ಗಾಡಿ ಕಾಣದೆ ಹೋಗಬಹುದು. ರೋಧಕವನ್ನು ಹೆಚ್ಚಿಸಿ ಪ್ರವಾಹವನ್ನು 1 ಮಿಲಿ ಆಂಪೇರಿಗೆ ಇಳಿಸಿದರೆ ಸಾಕು. ಚಾರ್ಜಿಂಗ್ ವೋಲ್ಟೇಜ್ 14.4, ನೀಲಿ ಎಲ್‌ಇಡಿಯ ಪಾಲು 3.2, ಉಳಿದ 11.2 ವೋಲ್ಟಿಗೆ 10 ಕಿಲೋ ಓಮ್ ರೋಧಕ ಸರಿಹೋಗುತ್ತದೆ.

ಹಗಲಿನಲ್ಲಿ ಕಾಣಬೇಕಾದ ಕೆಂಪು ದೀಪಕ್ಕೆ 10 ಮಿಲಿ ಆಂಪೇರ್ ಬೇಕೆಂದುಕೊಳ್ಳಿ. (14.4 – 2) ÷ 0.01 = 1240; ಹತ್ತಿರದ 1.2 ಕಿಲೋ ಓಮ್ ಆಯ್ದುಕೊಂಡರೆ ವ್ಯಯವಾಗುವ ಶಕ್ತಿ ಸುಮಾರು 0.13 ವ್ಯಾಟ್. ಕಾಲು ವ್ಯಾಟಿನ ರೋಧಕ ನೆಮ್ಮದಿಯಿಂದ ತಾಳುತ್ತದೆ. 20 ಮಿಲಿ ಆಂಪೇರಿಗೆ ಹೋದರೆ ವ್ಯಯ 0.25 ವ್ಯಾಟ್ ಆಗಿ ಅದೇ ರೋಧಕ ತನ್ನ ಮಿತಿಯ ಅಂಚಿಗೆ ಬರುತ್ತದೆ. 12 ವೋಲ್ಟ್ ಎಂದು ಲೆಕ್ಕ ಹಾಕಿ 14.4 ವೋಲ್ಟಿನಲ್ಲಿ ಓಡಿಸುವುದು ಇನ್ನೊಂದು ಸಾಮಾನ್ಯ ಲೋಪ. ಹಳೆಯ ಕೆಲವು ಬೈಕುಗಳಲ್ಲಿ ಹೆಡ್‌ಲೈಟಿಗೆ ಹೋಗುವುದು ಎ.ಸಿ. ಪ್ರವಾಹ, ಎಲ್‌ಇಡಿ ವಿರುದ್ಧ ದಿಕ್ಕಿನಲ್ಲಿ ತಾಳುವುದು ಸುಮಾರು 5 ವೋಲ್ಟ್ ಮಾತ್ರ. ಅಲ್ಲಿ ಎಲ್‌ಇಡಿಗೆ ಸಮಾಂತರವಾಗಿ, ವಿರುದ್ಧ ದಿಕ್ಕಿನಲ್ಲಿ ಒಂದು ಡಯೋಡ್ ಇರಬೇಕು.

ಫ್ಯೂಸ್ ಯಾರಿಗಾಗಿ?

ಎಲ್‌ಇಡಿಗೆ ಪ್ರವಾಹ ಕಡಿಮೆ ಎಂದು ಟೆಲಿಫೋನ್ ತಂತಿಯಂಥ ತೆಳು ತಂತಿಯಲ್ಲಿ ಫಲಕವನ್ನು ಜೋಡಿಸುವುದುಂಟು. ಬೈಕಿನ ಮುಖ್ಯ ಫ್ಯೂಸ್ 10 ಅಥವಾ 15 ಆಂಪೇರಿನದು. ತೆಳು ತಂತಿ ಚೌಕಟ್ಟಿಗೆ ತಗುಲಿದರೆ ಫ್ಯೂಸ್ ಹೋಗುವ ಮೊದಲೇ ತಂತಿ ಕಾದು ಹೊದಿಕೆ ಕರಗಬಹುದು. ಮೇಲೆ ಇರುವುದು ಪೆಟ್ರೋಲ್ ಟ್ಯಾಂಕು. ಫ್ಯೂಸ್ ರಕ್ಷಿಸುವುದು ದೀಪವನ್ನಲ್ಲ, ತಂತಿಯನ್ನು. ಐದು ಎಲ್‌ಇಡಿಗಳಿಗೆ ಬೇಕಾದ್ದು 50 ಮಿಲಿ ಆಂಪೇರ್. ಫಲಕದ ಸಾಲಿಗೆ ಪ್ರತ್ಯೇಕವಾಗಿ 1 ಆಂಪೇರಿನ ಫ್ಯೂಸ್ ಹಾಕುವುದು ಸುಲಭ. ಜೋಡಣೆಗಳಿಗೆ ಬರೀ ಟೇಪ್ ಸುತ್ತುವುದು ಸಾಲದು. ಬೇಸಿಗೆಯಲ್ಲಿ ಅಂಟು ಕರಗುತ್ತದೆ, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಒಳನುಗ್ಗುತ್ತದೆ. ಸರಿಯಾಗಿ ಒತ್ತಿದ ಕ್ರಿಂಪ್ ಟರ್ಮಿನಲ್ ಮತ್ತು ಶಾಖಕ್ಕೆ ಕುಗ್ಗುವ ಕೊಳವೆ ಉತ್ತಮ.

ಹೊಸ ಬೈಕುಗಳ ವಿಷಯ

ಮೇಲಿನ ಚರ್ಚೆ ಹಳೆಯ ಬೈಕುಗಳಿಗೆ ಹೊಂದುತ್ತದೆ. 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದು, ಎಂಜಿನ್ನಿನ ದೋಷ ತಿಳಿಸುವ ದೀಪವೂ ಸೇರಿತು. ಇಲ್ಲಿ ದೀಪವನ್ನು ಬೆಳಗಿಸುವುದು ಒಂಟಿ ಸ್ವಿಚ್ಚಲ್ಲ, ನಿಯಂತ್ರಣ ಘಟಕದ ನಿರ್ಧಾರ. ಇಂಥ ಬೈಕಿನ ಮೂಲ ಫಲಕವನ್ನು ಕಿತ್ತು ನಾಲ್ಕು ಎಲ್‌ಇಡಿ ಹಾಕಿದರೆ ಎಬಿಎಸ್ ಕೆಟ್ಟಿರುವ ಸುದ್ದಿ ಸವಾರನಿಗೆ ತಲುಪುವುದೇ ಇಲ್ಲ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು.

ತರಗತಿಗೆ ಒಂದು ಫಲಕ

ಗ್ಯಾರೇಜಿನ ಯುವಕರನ್ನಷ್ಟೇ ದೂರುವುದು ನ್ಯಾಯವಲ್ಲ. ಅವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯ ವಿದ್ಯುತ್ ಅಧ್ಯಾಯವನ್ನು ಓದಿಯೇ ಬಂದವರು. ಅದರಲ್ಲಿ ಸಮಾಂತರ ಜೋಡಣೆಯ ಲೆಕ್ಕಗಳಿವೆ. ಸ್ವಿಚ್ಚು ಅರ್ತ್ ಬದಿಯಲ್ಲಿದ್ದರೆ ಏನಾಗುತ್ತದೆ, ತಂತುವಿನ ರೋಧ ಬಿಸಿಯಲ್ಲೂ ತಣ್ಣಗಿದ್ದಾಗಲೂ ಒಂದೇ ಇರುತ್ತದೆಯೇ, ಮಂಡಲ ಕೆಟ್ಟರೆ ಯಾವ ಕಡೆಗೆ ಕೆಡುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗ ಕಡಿಮೆ. ಸರಿಯಾದ ಮಂಡಲವನ್ನು ಬಿಡಿಸಲು ಕಲಿಸುತ್ತೇವೆ, ಕೆಟ್ಟ ಮಂಡಲವನ್ನು ಓದಲು ಕಲಿಸುವುದಿಲ್ಲ.

ಶಿಕ್ಷಕರು ಇದನ್ನು ಒಂದು ಹಲಗೆಯ ಮೇಲೆ ತೋರಿಸಬಹುದು. 12 ವೋಲ್ಟಿನ ಬ್ಯಾಟರಿ, 2 ಆಂಪೇರಿನ ಫ್ಯೂಸ್, ನಾಲ್ಕು 10 ವ್ಯಾಟ್ ಬಲ್ಬು, ಒಂದು 2 ವ್ಯಾಟಿನ ಪೈಲಟ್ ಬಲ್ಬು, ಎಡ-ಬಲ ಸ್ವಿಚ್ಚು, ಎರಡು ಡಯೋಡು, ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಮೊದಲು ಪೈಲಟನ್ನು ಎಡ-ಬಲ ತಂತಿಗಳ ನಡುವೆ ಜೋಡಿಸಿ, ಅದರ ಎರಡು ತುದಿಗಳ ವಿಭವಾಂತರ ಅಳೆಯಿರಿ. ಅನಂತರ ಬಲ್ಬುಗಳ ಜಾಗದಲ್ಲಿ ಎಲ್‌ಇಡಿ ಇಂಡಿಕೇಟರುಗಳನ್ನು ಹಾಕಿ ಮತ್ತೆ ಅಳೆಯಿರಿ. ಕೊನೆಗೆ ಡಯೋಡುಗಳನ್ನು ಸೇರಿಸಿ. ಪ್ರತಿ ಹಂತದಲ್ಲೂ ಒಂದೊಂದು ತಂತಿಯನ್ನು ಬಿಡಿಸಿ, ‘ಈಗ ದೀಪ ಯಾವ ಸುಳ್ಳು ಹೇಳುತ್ತದೆ?’ ಎಂದು ವಿದ್ಯಾರ್ಥಿಗಳನ್ನು ಕೇಳಿ.

ಮಾರ್ಪಡಿಸಿದ ಫಲಕಗಳ ಬಗ್ಗೆ ನಮ್ಮ ತೀರ್ಪು ಇಷ್ಟು: ಲೋಹದ ಕೆಲಸಕ್ಕೆ ಮೆಚ್ಚುಗೆ, ತಂತಿಯ ಕೆಲಸಕ್ಕೆ ಎಚ್ಚರಿಕೆ. ಆ ಕೈಗಳಿಗೆ ಕೌಶಲದ ಕೊರತೆ ಇಲ್ಲ. ಕೊರತೆ ಇರುವುದು ಎರಡು ಡಯೋಡು, ಒಂದು ಸಣ್ಣ ಫ್ಯೂಸ್ ಮತ್ತು ಕೆಲಸ ಮುಗಿದ ಮೇಲೆ ಪ್ರತಿ ತಂತಿಯನ್ನೂ ಒಮ್ಮೆ ಬಿಡಿಸಿ, ಒಮ್ಮೆ ಅರ್ತ್‌ಗೆ ಮುಟ್ಟಿಸಿ ನೋಡುವ ಅಭ್ಯಾಸದಲ್ಲಿ. ಈ ಪರೀಕ್ಷೆಗೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.